ಕೃಷಿ ಹೊಂಡದಲ್ಲಿ ಸಮುದ್ರದ ತಾಲೀಮು

ಲಕ್ಷದ್ವೀಪಕ್ಕೆ ಹೋಗುವ ಹುಚ್ಚು ಮೊದಲು ಹತ್ತಿದ್ದು ನನಗೇ. ಇದನ್ನು ಶುರುವಿನಲ್ಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ನನ್ನ ಗಂಡ ಇವತ್ತಿಗೂ ಮಗಳ ಫೋನಿನ ಮೇಲೆ ತಪ್ಪು ಹೊರಿಸುತ್ತಾರೆ, ಮಗಳು ಅಜ್ಜಿಯ ಹಟದ ಮೇಲೆ ಹೊರಿಸುತ್ತಾಳೆ. ಆದರೆ ಆ ವಿಡಿಯೋವನ್ನು ಅಂಗಡಿಯಲ್ಲಿ ಕೂತು ಹತ್ತು ಸಲ ನೋಡಿದವಳು ನಾನು.

ಅಣ್ಣಿಗೇರಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಊರ ಹೆಣ್ಣುಮಕ್ಕಳ ಜಂಪರು ಹೊಲಿಯುತ್ತಾ ಬಂದಿದ್ದೇನೆ. ನನ್ನ ಹೊಲಿಗೆ ಬಿಚ್ಚಿತು ಅಂತ ಯಾರೂ ತಿರುಗಿ ಬಂದದ್ದಿಲ್ಲ. ಬಂದಿದ್ದರೆ ನಾನು ಸುಮ್ಮನೆ ಕೇಳಿಸಿಕೊಳ್ಳುವವಳೂ ಅಲ್ಲ. ನನ್ನ ಗಂಡ ಶಲವಡಿ ರಸ್ತೆಯ ಕಡೆಗಿರುವ ನಮ್ಮ ಎಂಟು ಎಕರೆ ಎರೆ ಹೊಲ ಮಾಡುತ್ತಾರೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ಮನೆಯಲ್ಲಿ ನಾಲ್ಕನೆಯವರು ನನ್ನ ಅತ್ತೆ, ಎಪ್ಪತ್ತೊಂದು ವರ್ಷ, ಸಕ್ಕರೆ ಕಾಯಿಲೆ ಇದೆ, ಮಾತು ಕಡಿಮೆ, ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ರೂಢಿ ಇಲ್ಲ.

ವಿಡಿಯೋದಲ್ಲಿ ಒಬ್ಬ ಹೆಂಗಸು ಮುಖಕ್ಕೆ ಗಾಜಿನ ಮುಖವಾಡ ಹಾಕಿಕೊಂಡು, ಬಾಯಲ್ಲಿ ಕೊಳವೆ ಕಚ್ಚಿಕೊಂಡು, ನೀರ ಮೇಲೆ ಬೋರಲಾಗಿ ತೇಲುತ್ತಿದ್ದಳು. ಕೆಳಗೆ ಹವಳದ ದಿಬ್ಬ. ಹಳದಿ ಮೀನು, ನೀಲಿ ಮೀನು, ಕೈಯಾಡಿಸಿದಂತೆ ಅಲುಗಾಡುವ ಏನೇನೋ. ನಮ್ಮ ಕಡೆ ನೆಲ ಕಪ್ಪು, ಬೇಸಿಗೆಯಲ್ಲಿ ಆಕಾಶವೂ ಬೂದಿ. ಅಷ್ಟು ಬಣ್ಣ ನಾನು ನೋಡಿದ್ದು ಗುಳೇದಗುಡ್ಡದ ಖಣದ ಗಂಟು ಬಿಚ್ಚಿದಾಗ ಮಾತ್ರ. ನಾನೂ ಹಾಗೆ ತೇಲಬೇಕು ಅನ್ನಿಸಿತು. ನಲವತ್ತಾರು ವರ್ಷಕ್ಕೆ ಹಾಗೆ ಅನ್ನಿಸುವುದು ನಾಚಿಕೆಯ ವಿಷಯ ಅಂತಲೂ ಅನ್ನಿಸಿತು. ಅದಕ್ಕೇ ಮನೆಯಲ್ಲಿ ಮಗಳ ಹೆಸರು ಮುಂದೆ ಮಾಡಿ ಹೇಳಿದೆ.

ಅತ್ತೆ ಬೇಡ ಅನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಅವರು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಮಾವ ತೀರಿಕೊಂಡಾಗ ತಮ್ಮ ತಾಳಿಯ ಎರಡು ಹವಳ ಬಿಚ್ಚಿ ನನ್ನ ತಾಳಿಗೆ ಪೋಣಿಸಿಕೊಟ್ಟವರು ಅವರು. ಐವತ್ತು ವರ್ಷ ಕೊರಳಲ್ಲಿಟ್ಟುಕೊಂಡ ವಸ್ತು ಎಲ್ಲಿ ಬೆಳೆಯುತ್ತದೆ ಅಂತ ಯಾರೂ ಹೇಳಿರಲಿಲ್ಲವಂತೆ, ಅವರೂ ಕೇಳಿರಲಿಲ್ಲವಂತೆ.

"ಇದನ್ನ ನೀರಾಗ ಇಳದ ನೋಡಬೇಕೇನು?" ಅಂತ ಕೇಳಿದರು.

ಹೌದು ಅಂದೆ.

"ಹಂಗಾರ ಇಳೀತೀನಿ," ಅಂದರು.

ಅಂದಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಸಂಕ್ರಾಂತಿ ಆದ ಮೇಲೆ, ಕಡಲೆ ಕೀಳುವ ಮೊದಲು ಹೋಗಿ ಬರಬೇಕೆಂದು ತೀರ್ಮಾನವಾಯಿತು. ದ್ವೀಪಕ್ಕೆ ಹೋಗಲು ಪರವಾನಗಿ ಬೇಕು, ಅದಕ್ಕೆ ಪೊಲೀಸ್ ಠಾಣೆಯಿಂದ ಕಾಗದ ಬೇಕು. ಅದನ್ನು ಕೇಳಲು ಹೋದ ನನ್ನ ಗಂಡನನ್ನು ಏನು ಕೇಸು ಅಂತ ಮೂರು ಮಂದಿ ಪರಿಚಯದವರು ವಿಚಾರಿಸಿದರಂತೆ. ಅಲ್ಲಿ ಊಟಕ್ಕೆ ಮೀನೇ ಜಾಸ್ತಿ ಅಂತ ಗೊತ್ತಾಗಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಎಷ್ಟು ಒಯ್ಯಬೇಕೆಂಬ ಚರ್ಚೆ ಶುರುವಾಯಿತು. ವಿಮಾನ ಸಣ್ಣದು, ಸಾಮಾನಿನ ತೂಕಕ್ಕೆ ಮಿತಿ ಇದೆ ಅಂತ ಮಗಳು ಹೇಳಿದಾಗ ಅತ್ತೆ ಎರಡು ಸೀರೆ ಕಡಿಮೆ ಮಾಡಿದರು, ರೊಟ್ಟಿ ಕಡಿಮೆ ಮಾಡಲಿಲ್ಲ.

ತೊಡಕು ಬಂದದ್ದು ಬೇರೆ ಕಡೆಯಿಂದ. ರೆಸಾರ್ಟಿನವನಿಗೆ ಮಗಳು ಫೋನು ಮಾಡಿದಾಗ ಅವನು, ನೀರಿಗಿಳಿಯುವವರು ಕೊರಳಲ್ಲಿ ತೂಗುವ ವಸ್ತು ಯಾವುದೂ ಹಾಕಿಕೊಳ್ಳುವಂತಿಲ್ಲ, ತೇಲುವ ಜಾಕೀಟಿನ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ ಅಂದ. ಅತ್ತೆಯ ಎದೆಯ ಮೇಲೆ ಬೆಳ್ಳಿ ಕರಡಿಗೆಯಲ್ಲಿ ಇಷ್ಟಲಿಂಗ ಇದೆ. ತೊಟ್ಟಿಲಲ್ಲಿದ್ದಾಗ ಕಟ್ಟಿದ್ದು. ಬೆಳಗಿನ ಪೂಜೆಯಲ್ಲಿ ಅಂಗೈಗೆ ಬರುವುದು ಬಿಟ್ಟರೆ ಅದು ಅವರ ಮೈ ಬಿಟ್ಟದ್ದಿಲ್ಲ. ಹೆರಿಗೆಯಲ್ಲೂ ಇಲ್ಲ, ಹುಬ್ಬಳ್ಳಿಯಲ್ಲಿ ಕಣ್ಣಿನ ಆಪರೇಷನ್ ಆದಾಗಲೂ ಇಲ್ಲ. ಡಾಕ್ಟರು ತೆಗೆಯಿರಿ ಅಂದಾಗ, ಕಣ್ಣು ಹೀಗೇ ಇರಲಿ ಬಿಡ್ರಿ ಅಂತ ಎದ್ದು ನಿಂತವರು. ಅವರ ತಲೆಮಾರಿನವರಿಗೆ ಲಿಂಗ ಕಳೆದುಹೋಗುವುದು ಅಂದರೆ ಪ್ರಾಣ ಹೋದಂತೆಯೇ. ಸಿಗುವ ತನಕ ಅನ್ನ ನೀರು ಮುಟ್ಟುವುದಿಲ್ಲ.

ನನ್ನ ಲಿಂಗದ ವಿಷಯವನ್ನೂ ಹೇಳಿಬಿಡಬೇಕು. ಅದು ದೇವರ ಜಗಲಿಯ ಮೇಲೆ ಡಬ್ಬಿಯಲ್ಲಿದೆ. ಹೊಲಿಗೆ ಮಷೀನಿನ ಮೇಲೆ ಬಗ್ಗಿದಾಗ ತೂಗಿ ಬಟ್ಟೆಗೆ ಅಡ್ಡ ಬರುತ್ತದೆ ಅಂತ ಮದುವೆಯಾದ ಎರಡನೆಯ ವರ್ಷ ತೆಗೆದಿಟ್ಟವಳು ಮತ್ತೆ ಕಟ್ಟಿಕೊಳ್ಳಲಿಲ್ಲ. ಅತ್ತೆ ಒಂದು ಸಲ ಕೇಳಿದರು, ನಾನು ಮಷೀನಿನ ನೆಪ ಹೇಳಿದೆ, ಅವರು ಮತ್ತೆ ಕೇಳಲಿಲ್ಲ. ಅವರ ಸುಮ್ಮನಿರುವಿಕೆ ಇಪ್ಪತ್ತು ವರ್ಷದಿಂದ ನನಗೆ ಚುಚ್ಚುತ್ತಲೇ ಇದೆ.

ಹೀಗಿರುವಾಗ ಈ ತೊಡಕನ್ನು ಬಿಡಿಸುವವಳು ನಾನೇ ಆಗಬೇಕೆಂದು ನನಗೆ ಹಟ ಬಂತು. ಹಳೆಯ ಕೊಡೆಯ ಕಪ್ಪು ಬಟ್ಟೆ ಕತ್ತರಿಸಿ, ನಿಂಬೆಹಣ್ಣು ಹಿಡಿಯುವಷ್ಟು ಸಣ್ಣ ಚೀಲ ಹೊಲಿದೆ. ಎರಡು ಪದರ, ಜೋಡು ಹೊಲಿಗೆ. ಕರಡಿಗೆ ಮನೆಯಲ್ಲಿರಲಿ, ಲಿಂಗ ಈ ಚೀಲದಲ್ಲಿ ಕೊರಳಿಗೆ ಅಂಟಿಕೊಂಡು ಜಾಕೀಟಿನ ಒಳಗೆ ಕೂರಲಿ ಅಂದೆ. ಅತ್ತೆ ಚೀಲವನ್ನು ತಿರುಗಿಸಿ ನೋಡಿ, ತಮ್ಮ ತಾಯಿಯೂ ಬಟ್ಟೆಯಲ್ಲೇ ಕಟ್ಟಿಕೊಳ್ಳುತ್ತಿದ್ದಳು ಅಂತ ಒಪ್ಪಿದರು. ದಾರ ಮಾತ್ರ ಅವರಿಗೆ ಹಿಡಿಸಲಿಲ್ಲ. ಶಿವದಾರ ಅಂದರೆ ನೂಲಿನದು, ಮಠದಿಂದ ತಂದದ್ದು. ನಾನು ತಂದದ್ದು ನುಣುಪಾದ ನೈಲಾನ್ ದಾರ. ಉಪ್ಪು ನೀರಿಗೆ ನೂಲು ತಾಳುವುದಿಲ್ಲ, ಇದಾದರೆ ಎತ್ತು ಕಟ್ಟಿದರೂ ಹರಿಯುವುದಿಲ್ಲ ಅಂದೆ. ಎತ್ತು ಕಟ್ಟಿದರೂ ಅಂದದ್ದು ನನಗೆ ಚೆನ್ನಾಗಿ ನೆನಪಿದೆ.

ಅತ್ತೆಗೆ ಈಜು ಬರುವುದಿಲ್ಲ, ನನಗೂ ಬರುವುದಿಲ್ಲ. ತೇಲುವ ಜಾಕೀಟು ಇದ್ದರೆ ಈಜು ಬೇಕಿಲ್ಲ, ಮುಖ ನೀರಲ್ಲಿಟ್ಟು ಬಾಯಿಂದ ಉಸಿರಾಡುವ ರೂಢಿ ಆದರೆ ಸಾಕು ಅಂತ ರೆಸಾರ್ಟಿನವನು ಹೇಳಿದ್ದ. ಮಗಳು ಎರಡು ಮುಖವಾಡ, ಒಂದು ಜಾಕೀಟು ತರಿಸಿದಳು. ರೂಢಿ ಎಲ್ಲಿ ಮಾಡುವುದು? ನಮ್ಮ ಹೊಲದ ಕೃಷಿ ಹೊಂಡವೇ ಸರಿ ಅಂತಾಯಿತು. ಬೇಸಾಯಕ್ಕೆ ಮಳೆನೀರು ಹಿಡಿಯಲು ತೋಡಿದ ಹೊಂಡ. ಎರೆ ಮಣ್ಣು ತಾನೇ ನೀರು ಹಿಡಿಯುತ್ತದೆಂದು ಕೆಳಗೆ ಪ್ಲಾಸ್ಟಿಕ್ ಹಾಸಿರಲಿಲ್ಲ. ಒಂದು ಬದಿಗೆ ಮಣ್ಣಲ್ಲೇ ಕಡಿದ ನಾಲ್ಕು ಮೆಟ್ಟಿಲು. ಕಡಲೆಗೆ ಒಂದು ಸಲ ಕೊಡುವಷ್ಟು ನೀರು ಉಳಿದಿತ್ತು, ನಡುವಿನಲ್ಲಿ ಎದೆಮಟ್ಟ.

ಭಾನುವಾರ ಬೆಳಿಗ್ಗೆ ಅತ್ತೆ ಮನೆಯಲ್ಲಿ ಪೂಜೆ ಮುಗಿಸಿ, ಸಕ್ಕರೆಯ ಗುಳಿಗೆ ನುಂಗಿದರು. ಹೊಟ್ಟೆ ತುಂಬಿದ್ದರೆ ನೀರಲ್ಲಿ ಉಸಿರು ಕಟ್ಟುತ್ತದೆ, ಆಮೇಲೆ ಹೊಲದಲ್ಲೇ ತಿನ್ನೋಣ ಅಂತ ನಾನೇ ರೊಟ್ಟಿ ಕಟ್ಟಿಕೊಂಡೆ. ಹೊಲದಲ್ಲಿ ಚೀಲವನ್ನು ಅವರ ಕೊರಳಿಗೆ ನಾನೇ ಕಟ್ಟಿದೆ. ಮೂರು ಗಂಟು ಹಾಕಿದೆ.

ಅವರು ಮೆಟ್ಟಿಲಿಳಿದು, ಸೊಂಟಮಟ್ಟದ ನೀರಲ್ಲಿ ನಿಂತು, ಬಗ್ಗಿ ಒಂದು ಸಲ ಮುಖ ಅದ್ದಿದರು. ಎದ್ದರು. ಮತ್ತೆ ಅದ್ದಿದರು. ಆಮೇಲೆ ಹಗ್ಗ ಹಿಡಿದು ನಡುವಿಗೆ ಹೋದರು. ಆ ಕಡೆಯ ತುದಿಯನ್ನು ನನ್ನ ಗಂಡ ಹಿಡಿದಿದ್ದರು. ಒಂದು ಗಳಿಗೆಯಲ್ಲಿ ಅತ್ತೆಯ ಕಾಲು ನೆಲ ಬಿಟ್ಟಿತು. ಅವರು ತೇಲಿದರು. ಕೊಳವೆಯಿಂದ ಅವರ ಉಸಿರು ಕೇಳುತ್ತಿತ್ತು. ಮಗಳು ದಂಡೆಯ ಮೇಲೆ ಚಪ್ಪಾಳೆ ತಟ್ಟಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಮುಂದಿನ ಸರದಿ ನನ್ನದು ಅಂತ ಮುಖವಾಡ ಕೈಗೆ ತೆಗೆದುಕೊಂಡುಬಿಟ್ಟಿದ್ದೆ.

ಅತ್ತೆ ಎದ್ದು ನಿಂತರು. ಮುಖವಾಡ ಹಣೆಗೆ ಸರಿಸಿದರು. ಕೈ ಎದೆಗೆ ಹೋಯಿತು, ಜಾಕೀಟಿನ ಒಳಗೆ ಹೋಯಿತು, ಬೆನ್ನ ಕಡೆ ಹೋಯಿತು. ಆಮೇಲೆ ಅವರು ಅಲುಗಾಡದೆ ನಿಂತರು. ಚೀಲ ಹೋಗಿತ್ತು.

ನನ್ನ ಗಂಡ ಬಟ್ಟೆ ಸಮೇತ ನೀರಿಗೆ ಹಾರಿದರು. ನಾನು ಅತ್ತೆಯನ್ನು ಕೈ ಹಿಡಿದು ದಂಡೆಗೆ ತಂದು ಜಾಕೀಟು ಬಿಚ್ಚಿದೆ. ಅದರ ಪಟ್ಟಿಗೆ ನೈಲಾನ್ ದಾರ ಸಿಕ್ಕಿಕೊಂಡಿತ್ತು. ಹರಿದಿರಲಿಲ್ಲ. ಮೂರು ಗಂಟೂ ಬಿಚ್ಚಿಕೊಂಡು ದಾರ ನೆಟ್ಟಗೆ ಜೋತುಬಿದ್ದಿತ್ತು. ಬಟ್ಟೆ ಬದಲಿಸಿಕೊಂಡ ಅತ್ತೆ ಬದುವಿನ ಮೇಲೆ ಕೂತು ನೀರನ್ನೇ ನೋಡುತ್ತಿದ್ದರು. ನಾನು ದಾರವನ್ನು ಮುದುಡಿ ಜಂಪರಿನೊಳಗೆ ತುರುಕಿಕೊಂಡೆ. ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ ಉತ್ತರ ಇದೆ: ಹೆದರಿದ್ದೆ. ಗಂಡ ನೀರಿನೊಳಗಿಂದ, ದಾರ ಹರಿಯಿತೇನು ಅಂತ ಕೂಗಿ ಕೇಳಿದರು. ಹರಿದಿರಬೇಕು ಅಂದೆ.

ಅತ್ತೆ ಹೇಳಿದ್ದು ಒಂದೇ ಮಾತು. "ಅದು ಸಿಗೂತನಕ ನನಗ ಏನೂ ಬ್ಯಾಡ. ಯಾರೂ ಜುಲ್ಮಿ ಮಾಡಬ್ಯಾಡ್ರಿ."

ಗುಳಿಗೆ ನುಂಗಿ ಆಗಲೇ ಒಂದೂವರೆ ತಾಸಾಗಿತ್ತು. ಗುಳಿಗೆ ತೆಗೆದುಕೊಂಡು ಊಟ ತಪ್ಪಿಸಿದರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಎರಡು ವರ್ಷದ ಹಿಂದೆ ಒಮ್ಮೆ ಹಾಗಾಗಿ ಅವರು ಅಡಿಗೆಮನೆಯಲ್ಲಿ ಬಿದ್ದಿದ್ದರು. ಅಂದಿನಿಂದ ಜೊತೆಗೇ ಇಟ್ಟುಕೊಳ್ಳುವ ಸಕ್ಕರೆ ಹಿಡಿದುಕೊಂಡು ನಾನು ಹೋದೆ. ಮುಖ ಆ ಕಡೆ ತಿರುಗಿಸಿದರು.

ನಾವು ಮೂವರೂ ನೀರಲ್ಲಿ ತಡಕಾಡಿದೆವು. ಕೆಸರು ಎದ್ದು ನೀರು ಮಸಿಯಾಯಿತು. ನಮ್ಮ ಗದ್ದಲ ಕೇಳಿ ಪಕ್ಕದ ಹೊಲದ ಕಾಕಾ ಬಂದರು. ಮೂರು ತಲೆಮಾರಿನಿಂದ ನಮ್ಮ ಬದುವಿಗೆ ಅವರ ಬದು ಹತ್ತಿಕೊಂಡೇ ಇದೆ. ರಂಜಾನಿಗೆ ಅವರ ಮನೆಯಿಂದ ಸುರಕುಂಬಾ ಪಾಯಸ ಬರುತ್ತದೆ, ನಮ್ಮ ಹಬ್ಬಕ್ಕೆ ಹೋಳಿಗೆ ಹೋಗುತ್ತದೆ. ಏನಾಯಿತೆಂದು ಕೇಳಿದವರು ಅತ್ತೆಯ ಬರಿದಾದ ಕೊರಳ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ಆಮೇಲೆ ನಮ್ಮನ್ನೆಲ್ಲ ಗದರಿಸಿ ಹೊರಗೆ ಕರೆದರು. "ತುಳೀಬ್ಯಾಡ್ರಿ. ತುಳದಷ್ಟು ಕೆಸರಿನಾಗ ಇಳದ ಹೊಕ್ಕೈತಿ. ನೀರ ಖಾಲಿ ಮಾಡೂಣು."

ಅವರ ಡೀಸೆಲ್ ಪಂಪು, ನಮ್ಮದೊಂದು, ಎರಡೂ ಹಚ್ಚಿದೆವು. ಕಡಲೆಗೆ ಅಂತ ಉಳಿಸಿಟ್ಟಿದ್ದ ನೀರು ಹೂವಿನಲ್ಲಿದ್ದ ಕಡಲೆಗೇ ಒಮ್ಮೆಲೇ ನುಗ್ಗಿತು. ಅಷ್ಟು ನೀರು ನಿಂತರೆ ಬುಡ ಕೊಳೆಯುತ್ತದೆಂದು ಗಂಡನಿಗೆ ಗೊತ್ತು, ಆದರೂ ಪಂಪು ನಿಲ್ಲಿಸಲಿಲ್ಲ. ಅತ್ತೆ ತೇಲಿದ ಜಾಗದಲ್ಲಿ, ಅಂದರೆ ನಡುವಿನಲ್ಲಿ, ಕಾಕಾ ಒಂದು ಕೋಲು ನೆಟ್ಟರು. ನೀರಿಳಿದ ಮೇಲೆ ಅಲ್ಲಿಯ ಕೆಸರನ್ನು ಬುಟ್ಟಿ ಬುಟ್ಟಿಯಾಗಿ ತೆಗೆದು, ಕಾಳು ಹಸನು ಮಾಡುವ ಸಾಣಿಗೆಯಲ್ಲಿ ಹಾಕಿ ನೀರು ಹೊಯ್ದು ಸೋಸತೊಡಗಿದೆವು. ಕಪ್ಪು ಕೆಸರು, ಅದರಲ್ಲಿ ಕಪ್ಪು ಚೀಲ. ಚೀಲಕ್ಕೆ ಕೆಂಪು ಬಟ್ಟೆ ಹಾಕಬಾರದಿತ್ತೇ ಅಂತ ನನ್ನನ್ನೇ ನಾನು ಬೈದುಕೊಂಡೆ. ಐವತ್ತು ಬುಟ್ಟಿ ಆಯಿತೋ ಅರವತ್ತೋ. ಕಲ್ಲು, ಶಂಖದ ಹುಳು, ಮುರಿದ ಬಳೆ ಸಿಕ್ಕವು.

ಮಧ್ಯಾಹ್ನ ಅತ್ತೆಯ ಕೈ ನಡುಗಲು ಶುರುವಾಯಿತು. ಡಿಸೆಂಬರಿನ ಗಾಳಿಯಲ್ಲಿ ಹಣೆ ತುಂಬ ಬೆವರು. ಗಂಡ ಅವರ ಕಾಲ ಹತ್ತಿರ ಕೂತು ಬೇಡಿಕೊಂಡರು, ಮಗಳು ಅತ್ತಳು. ದವಾಖಾನೆಗೆ ಒಯ್ಯುತ್ತೇನೆಂದು ಗಂಡ ಎತ್ತಲು ಹೋದಾಗ ಅತ್ತೆ, "ಎತ್ತಿದ್ರ ಹೆಣಾ ಎತ್ತಿಧಂಗ ತಿಳಕೋ, ತಮ್ಮಾ," ಅಂದರು. ದನಿ ಏರಿಸಿರಲಿಲ್ಲ.

ನನ್ನ ಎದೆಯೊಳಗೆ ಆ ಒದ್ದೆ ದಾರ ಇತ್ತು. ಬುಟ್ಟಿ ಕೆಳಗಿಟ್ಟು ಬದು ಹತ್ತಿದೆ. ದಾರ ಹೊರತೆಗೆದು ಅವರ ಮುಂದೆ ಹಿಡಿದೆ.

"ಹರದಿಲ್ಲರೀ ಅತ್ತೆವ್ರ. ನಾ ಹಾಕಿದ ಗಂಟ ಬಿಚ್ಚೈತ್ರಿ. ಮುಂಜಾನೆನ ನೋಡಿದ್ದೆ. ಮುಚ್ಚಿಟ್ಟೆ."

ಗಂಡ ನನ್ನನ್ನು ನೋಡಿದ ನೋಟ ಈಗಲೂ ನೆನೆಸಿಕೊಳ್ಳಲು ಇಷ್ಟವಿಲ್ಲ. ಅತ್ತೆ ದಾರ ಕೈಗೆ ತೆಗೆದುಕೊಂಡು ತಿಕ್ಕಿ ನೋಡಿದರು. ಬೈಯುತ್ತಾರೆಂದು ಕಾದೆ. ಅವರು ಕಣ್ಣು ಮುಚ್ಚಿದರು, ಏನೋ ನೆನಪು ಮಾಡಿಕೊಳ್ಳುವವರ ಹಾಗೆ. ಅಷ್ಟರಲ್ಲಿ ಕಾಕಾ, ಹರಿದಿಲ್ಲ ಅಂದರೆ ನಡುವಿನಲ್ಲಿ ಎಳೆದು ಬಿದ್ದದ್ದಲ್ಲ, ಒದ್ದೆಯಾದೊಡನೆ ಜಾರಿದ್ದು ಅಂದರು. ಮುಖ ಅದ್ದಲು ಬಗ್ಗಿದಾಗ ಜಾರಿರಬೇಕು ಅಂದೆ ನಾನು.

"ಹೌದು," ಅಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. "ಮೊದಲ ಮಾರಿ ಅದ್ದಿದಾಗ ಹೊಟ್ಟಿಗೆ ಏನೋ ತಾಗಿತ್ತು. ಮೀನ ಅಂತ ತಿಳಕೊಂಡೆ."

ಮೆಟ್ಟಿಲು. ನಾವು ಬೆಳಗಿನಿಂದ ಇಳಿದು ಹತ್ತಿ ತುಳಿದ ಮೆಟ್ಟಿಲು. ನಾನು ಓಡಿದೆ. ಬುಟ್ಟಿ ಸಾಣಿಗೆ ಎಲ್ಲ ಬಿಟ್ಟು, ಮೂರನೆಯ ಮೆಟ್ಟಿಲ ಬುಡದಲ್ಲಿ ಮೊಳಕೈ ತನಕ ಕೆಸರಿಗೆ ಕೈ ಹಾಕಿದೆ. ಜೋಡು ಹೊಲಿಗೆಯ ಅಂಚು ಬೆರಳಿಗೆ ಹತ್ತಿತು. ನನ್ನ ಹೊಲಿಗೆ ನನ್ನ ಬೆರಳಿಗೆ ಗೊತ್ತು. ಮೇಲೆತ್ತಿ, ಬದು ಹತ್ತಿ ಅತ್ತೆಯ ಮಡಿಲಿಗಿಟ್ಟೆ.

ಅತ್ತೆ ಕ್ಯಾನಿನ ನೀರಿನಿಂದ ಲಿಂಗ ತೊಳೆದು, ಅಂಗೈಯಲ್ಲಿಟ್ಟುಕೊಂಡು ಕೂತರು. ಕೈ ನಡುಗುತ್ತಿದ್ದರೂ ಪೂಜೆ ಮೊಟಕು ಮಾಡಲಿಲ್ಲ. ಆ ಐದು ನಿಮಿಷ ಬೆಳಗಿನಿಂದ ಕಳೆದ ಹೊತ್ತಿಗಿಂತ ಉದ್ದವಾಗಿತ್ತು. ಆಮೇಲೆ ನೂಲಿನ ಸೀರೆಯ ಸೆರಗಿನಿಂದ ಒಂದು ಪಟ್ಟಿ ಹರಿದು, ಅದರಲ್ಲೇ ಲಿಂಗ ಸುತ್ತಿ, ತಾವೇ ಕೊರಳಿಗೆ ಕಟ್ಟಿಕೊಂಡು, ಸಕ್ಕರೆಗೆ ಕೈ ಚಾಚಿದರು. ರೊಟ್ಟಿ ತಿಂದರು.

ಮನೆಯಲ್ಲಿ ಆ ವಾರ ದ್ವೀಪದ ಮಾತು ಯಾರೂ ಎತ್ತಲಿಲ್ಲ. ಗಂಡ ನನ್ನ ಜೊತೆ ಉಪ್ಪು ಖಾರಕ್ಕೆ ಬೇಕಾದಷ್ಟೇ ಮಾತಾಡಿದರು. ಗಂಟು ಬಿಚ್ಚಿದ್ದಕ್ಕೆ ಅವರಿಗೆ ಸಿಟ್ಟಿರಲಿಲ್ಲ, ಮುಚ್ಚಿಟ್ಟದ್ದಕ್ಕೆ ಇತ್ತು. ಪರವಾನಗಿ ಬಂದಿತ್ತು. ಸೋಮವಾರದೊಳಗೆ ಟಿಕೀಟು ಖಾತ್ರಿ ಮಾಡದಿದ್ದರೆ ಜಾಗ ಹೋಗುತ್ತದೆಂದು ಮಗಳು ನನಗೆ ಮಾತ್ರ ಪಿಸುಗುಟ್ಟಿದಳು. ಹೋಗಲಿ ಬಿಡು ಅಂದೆ. ಅಂಗಡಿಯಲ್ಲಿ ಆ ವಿಡಿಯೋ ತೆಗೆದು ನೋಡಲಿಲ್ಲ. ನೋಡಬೇಕು ಅನ್ನಿಸುತ್ತಿತ್ತು, ಅದಕ್ಕೂ ನಾಚಿಕೆಯಾಗುತ್ತಿತ್ತು.

ಭಾನುವಾರ ಪೂಜೆ ಮುಗಿಸಿ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಟು ನಿಂತರು. ಈ ಸಲ ಹೊಟ್ಟೆ ತುಂಬ ತಿಂದೇ ಗುಳಿಗೆ ತೆಗೆದುಕೊಂಡಿದ್ದರು. ಕಾಕಾರ ಹೊಂಡದಲ್ಲಿ ನೀರಿದೆ, ಅವರನ್ನು ಕೇಳಿಯಾಗಿದೆ ಅಂದರು. ಗಂಡ ಬೇಡವೇ ಬೇಡ ಅಂದರು. ಅತ್ತೆ ಅವರ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನು ಮಾತ್ರ ಕರೆದರು.

ಹೊಂಡದ ದಂಡೆಯ ಮೇಲೆ ನಿಂತು ಅವರು ಕೊರಳಿನ ದಾರ ಬಿಚ್ಚಿದರು. ಈಗ ಅದು ಮತ್ತೆ ನೂಲಿನ ಶಿವದಾರ, ಹೊಸದು. ಕರಡಿಗೆ ತೆರೆದು ಲಿಂಗ ತೆಗೆದರು. "ಕೈ ತೊಳಕೊಂಡೀಯೇನು?" ಅಂದರು. ತೊಳೆದಿದ್ದೆ. ಮತ್ತೊಮ್ಮೆ ತೊಳೆಸಿದರು. ಆಮೇಲೆ ನನ್ನ ಎಡ ಅಂಗೈ ತಮ್ಮ ಕೈಯಲ್ಲಿ ಹಿಡಿದು, ಅದರಲ್ಲಿ ಲಿಂಗವಿಟ್ಟು, ನನ್ನ ಬೆರಳು ಒಂದೊಂದಾಗಿ ಮಡಚಿದರು. ಆಪರೇಷನ್ನಿಗೂ ಬಿಚ್ಚದಿದ್ದವರು.

"ನಾ ಹೊರಗ ಬರೂತನಕ ಮುಷ್ಟಿ ಬಿಚ್ಚಬ್ಯಾಡ."

ಅವರು ಇಳಿದರು, ಗೂಟಕ್ಕೆ ಕಟ್ಟಿದ ಹಗ್ಗ ಹಿಡಿದು ನಡುವಿಗೆ ಹೋಗಿ ತೇಲಿದರು. ನಾನು ನಿಂತಿದ್ದೆ. ಮೂಗಿನ ಮೇಲೆ ನೊಣ ಕೂತಿತು, ಓಡಿಸಲಿಲ್ಲ. ಲಿಂಗ ಅವರ ಮೈಯ ಬಿಸಿಯಲ್ಲೇ ಇತ್ತು, ಆಮೇಲೆ ಆ ಬಿಸಿ ನನ್ನದೋ ಅವರದೋ ತಿಳಿಯದಾಯಿತು. ಕೈ ಜೋಮು ಹಿಡಿಯಿತು. ಮುಷ್ಟಿಯೊಳಗೆ ನಿಜಕ್ಕೂ ಇದೆಯೋ ಇಲ್ಲವೋ ಅನ್ನುವ ಹುಚ್ಚು ಅನುಮಾನ ಬಂತು. ಬಿಚ್ಚಿ ನೋಡಬೇಕು ಅನ್ನಿಸಿತು, ಬಿಚ್ಚಲಿಲ್ಲ. ಎಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ತಾನಾಗಿಯೇ ಬರಿಗೊರಳಾಗಿ ತೇಲುತ್ತಿದ್ದ ಆ ಮೈಯ ಮೇಲೆ ಕಣ್ಣು ನೆಟ್ಟು ನಿಂತೆ.

ಅವರು ಅವಸರ ಮಾಡದೆ ಎದ್ದು ಬಂದರು. ಮೈ ಒರೆಸಿಕೊಂಡು ಕೈ ಚಾಚಿದರು. ನನ್ನ ಬೆರಳು ತಾವಾಗಿ ಬಿಚ್ಚಲಿಲ್ಲ, ಅವರೇ ಬಿಡಿಸಬೇಕಾಯಿತು. ಅಂಗೈಯಲ್ಲಿ ನಾಲ್ಕು ಉಗುರಿನ ಗುರುತು ಕೆಂಪಗೆ ಮೂಡಿದ್ದವು. ಅದನ್ನು ನೋಡಿ ಅವರು ಲಿಂಗ ಕರಡಿಗೆಯಲ್ಲಿಟ್ಟು, ಶಿವದಾರ ಕೊರಳಿಗೆ ಕಟ್ಟಿಕೊಂಡರು.

"ಟಿಕೀಟ ತಗಸು ಅಂತ ಆಕಿಗೆ ಹೇಳು," ಅಂದರು. "ಅಲ್ಲಿ ಮೊದಲ ನಾ ಇಳೀತೀನಿ. ಆಮ್ಯಾಲ ನೀ ಇಳಿ, ನಿಂದು ನಾ ಹಿಡೀತೀನಿ."

ನನ್ನ ಕೈ ತಾನಾಗಿಯೇ ಕೊರಳಿಗೆ ಹೋಯಿತು. ತಾಳಿ ಸಿಕ್ಕಿತು, ಅದರ ಎರಡು ಹವಳ ಸಿಕ್ಕವು. ಬೇರೆ ಏನೂ ಇರಲಿಲ್ಲ.